ಹೊಸ್ತಿಲಿಲ್ಲದ ದಾರಂದ

18 ಮೇ 2024, ಶನಿವಾರ

ದಾರಂದ, ಅಂದರೆ ಹಳೇ ಮನೆಯಿಂದ ಕಿತ್ತ ಬಾಗಿಲ ಚೌಕಟ್ಟು, ಚೆಂದ ಉಂಟು, ಆದರೆ ಹೊಸ್ತಿಲಿಲ್ಲ. ಗುಜರಿ ಯಾರ್ಡಿನ ಸಾಹೇಬ್ರು ಅದನ್ನೇ ದೊಡ್ಡ ಅನುಕೂಲ ಎಂಬಂತೆ ಹೇಳಿದರು: "ಬೇರೆಯವರ ಮನೆ ಹೊಸ್ತಿಲು ಯಾರಿಗೂ ಬೇಡ ಸಾರ್. ನಾವೇ ಕತ್ತರಿಸಿ ಇಡುವುದು." ಕತ್ತರಿಸಿದವೆಲ್ಲ ಹಿಂದೆ ತಗಡಿನ ಶೆಡ್ಡಿನ ಪಕ್ಕ ಸೌದೆಯ ಹಾಗೆ ರಾಶಿ ಬಿದ್ದಿವೆ. ಒಂದರ ನಡುಮಧ್ಯೆ ಕಾಲು ತಾಗಿ ತಾಗಿ ಅರ್ಧ ಇಂಚು ತಗ್ಗು. ಅರಿಶಿನ ಮರದೊಳಗೇ ಇಳಿದಿದೆ, ಉಗುರಿನಿಂದ ಕೆರೆದರೂ ಹಳದಿ.

ಜೊತೆಗೆ ಬಂದಿದ್ದ ಬಡಗಿ ಆಚಾರ್ರು ಕೆತ್ತನೆಯ ಕಡೆ ತಲೆ ಎತ್ತಲೇ ಇಲ್ಲ. ಕುಕ್ಕರುಗಾಲಿನಲ್ಲಿ ಕೂತು ಸ್ಕ್ರೂಡ್ರೈವರಿನಲ್ಲಿ ದಾರಂದದ ಕಾಲುಗಳನ್ನು ಚುಚ್ಚುತ್ತಿದ್ದರು.

"ಮೇಲೆ ಆಮೇಲೆ ನೋಡುವ. ಹೂಬಳ್ಳಿ ಎಲ್ಲಿಗೂ ಓಡಿ ಹೋಗುವುದಿಲ್ಲ. ಹಾಳಾಗುವುದು ಕಾಲು."

ನೆಲದಲ್ಲಿ ಹೂತ ತುದಿ ನೀರು ಹೀರುತ್ತದೆ, ಗೆದ್ದಲು ಹತ್ತುವುದೂ ಅಲ್ಲಿಂದಲೇ. ಸ್ಕ್ರೂಡ್ರೈವರಿನ ಮೂತಿ ಮಾತ್ರ ಕಚ್ಚಿದರೆ ಮರ ಗಟ್ಟಿ. ಅರ್ಧ ಇಂಚು ಸಲೀಸಾಗಿ ಇಳಿದರೆ ಅಷ್ಟು ಭಾಗ ಸತ್ತಿದೆ ಎಂದು ಲೆಕ್ಕ. ಇದರಲ್ಲಿ ಎರಡೂ ಕಾಲು ಆರಾರು ಇಂಚು ಹೋಗಿತ್ತು. ಏಳಡಿಯ ಕಾಲಾದ್ದರಿಂದ ಕತ್ತರಿಸಿದರೂ ಆರೂವರೆ ಉಳಿಯುತ್ತದೆ. ಹಳೇ ಒಳಕೋಣೆಗಳ ಆರಡಿ ದಾರಂದಗಳಲ್ಲಿ ಈ ಆಟ ನಡೆಯುವುದಿಲ್ಲ. ಕತ್ತರಿಸಿ ಅಡಿಗೆ ಕಲ್ಲಿನ ತುಂಡು ಕೊಟ್ಟು ಎತ್ತರಿಸಬೇಕು, ಇಲ್ಲವೇ ಬಗ್ಗಿ ಹೋಗಲು ಕಲಿಯಬೇಕು.

ಅಳತೆಗೆ ಸಾಹೇಬ್ರು ಟೇಪು ಹಿಡಿದಾಗ ತಕರಾರು ಶುರು. ಮರದ ಲೆಕ್ಕ ಕ್ಯೂಬಿಕ್ ಅಡಿಯಲ್ಲಿ: ಉದ್ದ ಅಡಿಯಲ್ಲಿ, ಅಗಲ ಮತ್ತು ದಪ್ಪ ಇಂಚಿನಲ್ಲಿ, ಮೂರನ್ನೂ ಗುಣಿಸಿ 144ರಿಂದ ಭಾಗಿಸುವುದು. ಏಳಡಿಯ ಎರಡು ಕಾಲು, ನಾಲ್ಕಡಿಯ ಒಂದು ಮೇಲಡ್ಡ, ಒಟ್ಟು 18 ಅಡಿ. 5x4 ಇಂಚಿನ ಮರ. ಸರಿಯಾಗಿ 2.5 ಕ್ಯೂಬಿಕ್ ಅಡಿ. ಅವರು ಬರೆದದ್ದು 3.05. ಇಲ್ಲದ ಹೊಸ್ತಿಲನ್ನೂ ಸೇರಿಸಿ! ಕತ್ತರಿಸಿ ಸೌದೆಗೆ ಹಾಕಿದ್ದಕ್ಕೂ ಇಲ್ಲಿ ದುಡ್ಡು. ಆಚಾರ್ರು ಕೊಳೆತ ಒಂದಡಿಯನ್ನೂ ಕಳೆದು 2.36 ಅಂದರು. ಕೊನೆಗೆ 2.4ಕ್ಕೆ ನಿಂತಿತು. ಗುಜರಿಯಲ್ಲಿ ದರದ ಚೌಕಾಸಿಗಿಂತ ಅಳತೆಯ ಚೌಕಾಸಿಯಲ್ಲೇ ಹೆಚ್ಚು ಉಳಿಯುತ್ತದೆ.

ಹೊಸ್ತಿಲಿಲ್ಲದ ದಾರಂದದ ಇನ್ನೊಂದು ಕಷ್ಟ ಸಾಗಾಟದಲ್ಲಿ. ಕೆಳಗೆ ಹಿಡಿದುಕೊಳ್ಳಲು ಏನೂ ಇಲ್ಲದೆ ಕಾಲುಗಳು ಅಗಲಿಕೊಳ್ಳುತ್ತವೆ, ಮೇಲಿನ ಮೂಲೆಗಳ ಜೋಡಣೆ ಸಡಿಲವಾಗುತ್ತದೆ. ಗಾಡಿಗೆ ಏರಿಸುವ ಮೊದಲೇ ಮೂಲೆಯಿಂದ ಮೂಲೆಗೆ ಎರಡೂ ಕಡೆ ಅಳೆದು, ಎರಡು ಅಳತೆ ಒಂದೇ ಬರುವಂತೆ ಸರಿಸಿ, ಕೆಳಗೊಂದು ರೀಪು (ಮರದ ಪಟ್ಟಿ) ಅಡ್ಡ ಹೊಡೆಯಬೇಕು. ಗೋಡೆಯಲ್ಲಿ ಕೂರಿಸಿ ಸಿಮೆಂಟು ಗಟ್ಟಿಯಾಗುವವರೆಗೂ ಆ ರೀಪು ಬಿಚ್ಚಬಾರದು. ಬಿಚ್ಚಿದವರ ಬಾಗಿಲು ಮಳೆಗಾಲ ಬೇಸಿಗೆ ಎರಡರಲ್ಲೂ ಉಜ್ಜುತ್ತದೆ.

ಕುಟ್ಟೆ, ಅಂದರೆ ಮರ ಕೊರೆಯುವ ಹುಳ, ಹಿಡಿದಿದೆಯೋ ನೋಡಲು ಅಡಿಗೆ ಪೇಪರು ಹಾಸಿ ಸುತ್ತಿಗೆಯಿಂದ ತಟ್ಟಿದೆವು. ತೂತು ಕಂಡ ಕೂಡಲೇ ಹೆದರಬೇಕಿಲ್ಲ, ಹಳೇ ತೂತು ಒಳಗೆ ಕಪ್ಪಗಿರುತ್ತದೆ. ಗೋಧಿ ಹಿಟ್ಟಿನಂಥ ಹೊಸ ಪುಡಿ ಉದುರಿದರೆ ಹುಳ ಇನ್ನೂ ಒಳಗಿದೆ ಎಂದರ್ಥ, ಅದನ್ನು ಮನೆಗೇ ತರಬಾರದು. ತೇಗದಲ್ಲಿ ಕುಟ್ಟೆ ಹೆಚ್ಚಾಗಿ ಅಂಚಿನ ಬಿಳಿ ಭಾಗಕ್ಕೇ ಬರುವುದು. ಆ ಬಿಳಿಯನ್ನು ಮುಚ್ಚಲೆಂದೇ ಕೆಲವರು ಕಡು ಕಂದು ವಾರ್ನಿಶ್ ಬಳಿದಿರುತ್ತಾರೆ. ಗೋಡೆಗೆ ತಾಗುವ ಹಿಂಬದಿಯಲ್ಲಿ ಎರಡು ಬೆರಳಗಲ ಉಳಿಯಿಂದ ಕೆತ್ತಿ ನೋಡಲು ಬಿಡದಿದ್ದರೆ ವ್ಯಾಪಾರ ಬಿಟ್ಟು ಬರುವುದೇ ಒಳ್ಳೆಯದು. ಸಾಹೇಬ್ರು ಬಿಟ್ಟರು. ವಾಸನೆ ಬಂತು, ತೇಗವೇ.

ಮೇಲಿರುವ ಹಸಿರು ಆಯಿಲ್ ಪೇಂಟನ್ನು ಒಣ ಮರಳು ಕಾಗದದಲ್ಲಿ ತಿಕ್ಕುವಂತಿಲ್ಲ. ಪೇಂಟಿನಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗಕ್ಕೆ 90 ಭಾಗ) ಮೀರಬಾರದು ಎಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದೇ 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯದರಲ್ಲಿ ಸೀಸ ಇದೆ ಎಂದೇ ತಿಳಿದು ಕೆಲಸ ಮಾಡಬೇಕು. ಪೇಂಟ್ ರಿಮೂವರ್ ಹಚ್ಚಿ, ಮೆತ್ತಗಾದ ಮೇಲೆ ಒದ್ದೆಯಿರುವಾಗಲೇ ಕೆರೆಯುವುದು, ಕೆರೆದದ್ದನ್ನು ಚೀಲಕ್ಕೆ ತುಂಬುವುದು. ಮಕ್ಕಳು ಅಂಗಳದಲ್ಲಿ ಆಡುವ ದಿನ ಬೇಡ.

ಹೆಂಚು! ಹೋದದ್ದೇ ಹೆಂಚಿಗೆ. ಮಳೆಗೆ ಇನ್ನು ಎರಡು ಮೂರು ವಾರ, ಇಡೀ ಊರಿಗೆ ಈಗಲೇ ಹೆಂಚು ಬೇಕು. ಕೊಟ್ಟಿಗೆಯ ನೆಲ 600 ಚದರಡಿ, 100 ಅಡಿಗೆ 150 ಹೆಂಚು, ಹಾಗಾಗಿ 900 ಸಾಕು ಎಂದು ಸುಮಾ ಬರೆದುಕೊಟ್ಟಿದ್ದಳು. ಅಳೆಯಬೇಕಾದ್ದು ನೆಲವನ್ನಲ್ಲ, ಮಾಡಿನ (ಛಾವಣಿಯ) ಇಳಿಜಾರನ್ನು. 30 ಡಿಗ್ರಿ ಇಳಿಜಾರಿದ್ದರೆ 600 ಅಡಿ 693 ಆಗುತ್ತದೆ, ಸೂರು ಬೇರೆ. ಒಡೆಯುವುದಕ್ಕೆ ನೂರಕ್ಕೆ ಹತ್ತು ಸೇರಿಸಿದರೆ 1150ಕ್ಕೆ ಕಡಿಮೆ ಇಲ್ಲ. ಒಂದು ಹೆಂಚು ಎರಡೂವರೆ ಕಿಲೋ ಹಿಡಿದರೂ ಸುಮಾರು 2.9 ಟನ್. ಛೋಟಾ ಹಾಥಿ ಎಂಬ ಸಣ್ಣ ಸರಕು ಗಾಡಿಯಲ್ಲಿ ಮುಕ್ಕಾಲು ಟನ್ನಿನ ಹಾಗೆ ನಾಲ್ಕು ಟ್ರಿಪ್ಪು. ಮಲಗಿಸಿ ಪೇರಿಸಬಾರದು, ಬೈಹುಲ್ಲು ಹಾಕಿ ಅಂಚಿನ ಮೇಲೆ ನಿಲ್ಲಿಸಬೇಕು.

ಹಳೇ ಹೆಂಚು ಕೈಕೊಡುವುದು ಹೆಸರಿನಲ್ಲಿ. ಜರ್ಮನಿಯ ಮಿಷನರಿ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನಲ್ಲಿ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಒಂದರ ಹಿಂದೆ ಒಂದು ಕಾರ್ಖಾನೆ ಎದ್ದವು. ದೂರದಿಂದ ಎಲ್ಲ ಒಂದೇ ಕೆಂಪು. ಆದರೆ ಅಚ್ಚು ಬೇರೆಯಾದರೆ ಒಂದಕ್ಕೊಂದು ಕಚ್ಚುವ ಕೊರೆಯೂ ಬೇರೆ. ಎರಡು ಮಿಲಿಮೀಟರ್ ವ್ಯತ್ಯಾಸ ಒಂದೊಂದೇ ಸಾಲಿಗೆ ಸೇರುತ್ತಾ ಹೋಗಿ ಹತ್ತನೇ ಸಾಲಿನಲ್ಲಿ ಬಾಯಿ ಬಿಡುತ್ತದೆ. ಹೆಂಚಿನ ಮೇಲೆ ಒತ್ತಿದ ಹೆಸರನ್ನು ನೋಡಿ ಬೇರೆ ಬೇರೆ ರಾಶಿ ಮಾಡಬೇಕು, ಮಾಡಿನ ಒಂದು ಮಗ್ಗುಲಿಗೆ ಒಂದೇ ಹೆಸರು. ರೀಪಿನ ಅಂತರವನ್ನೂ ಕೈಗೆ ಬಂದ ಹೆಂಚನ್ನೇ ಕೂಡಿಸಿ ಅಳೆದು ಹೊಡೆಯಬೇಕು, ಹಳೇ ರೀಪು ಹಾಗೇ ಇದೆಯೆಂದು ನಂಬಿ ಕೂತರೆ ಹೆಂಚು ಕೂರುವುದಿಲ್ಲ. ಬೆರಳ ಗೆಣ್ಣಿನಿಂದ ತಟ್ಟಿದಾಗ ಟಣ್ ಅನ್ನದ್ದು ಬಿರುಕು ಬಿಟ್ಟದ್ದು. ಅನುಮಾನವಿದ್ದರೆ ನಾಲ್ಕು ಹೆಂಚು ಮನೆಗೆ ತಂದು ತೂಗಿ, ಒಂದು ದಿನ ನೀರಲ್ಲಿ ಮುಳುಗಿಸಿ ಮತ್ತೆ ತೂಗಬೇಕು. ಎರಡೂವರೆ ಕಿಲೋದ್ದು ಮೂರು ದಾಟಿದರೆ ಬೇಡ. ನಾಲ್ಕೂ ಈಗ ಬಚ್ಚಲ ಬಕೆಟ್ಟಿನಲ್ಲಿವೆ, ಅತ್ತೆ ಬೈಯುತ್ತಿದ್ದಾರೆ.

ಅತ್ತೆಗೆ ಹೊಸ್ತಿಲಿನ ವಿಷಯ ಹೇಳಿದೆ. "ಸರಿಯೇ ಮಾಡಿದ್ದಾರೆ. ಆ ಮನೆ ಲಕ್ಷ್ಮಿಯನ್ನು ಹೊತ್ತು ತರಲಿಕ್ಕುಂಟೇ?" ಆಚಾರ್ರ ಲೆಕ್ಕ ಬೇರೆ: ಗೆದ್ದಲು ಮೊದಲು ಬರುವುದೇ ಹೊಸ್ತಿಲಿಗೆ, ಹಿಂದಿನವರು ಬೇಡ ಅಂದದ್ದು ಅದಕ್ಕೇ ಇರಬೇಕು. ಹೊಸದಕ್ಕೆ ಹಲಸೋ ಕಲ್ಲೋ ಎಂದು ಕೇಳಿದ್ದಾರೆ, ಸೋಮವಾರ ಹೇಳಬೇಕು.

ಆದರೆ ಆ ಹಳದಿ ತುಂಡು. ದಪ್ಪ ನಾಲ್ಕೇ ಇಂಚು, ಅಗಲ ಐದೇ. ಗರಗಸ ಹೋದ ಜಾಗ ಇನ್ನೂ ಹಸಿಹಸಿ. ಸ್ಕ್ರೂಡ್ರೈವರಿನಲ್ಲಿ ಆಚಾರ್ರು ಸುಮ್ಮನೆ ಒಮ್ಮೆ ಚುಚ್ಚಿದ್ದರು, ಮೂತಿಯೂ ಇಳಿದಿರಲಿಲ್ಲ. ಉದ್ದ ಅಳೆಯಲಿಲ್ಲ. ನಾಲ್ಕಡಿ ಇದ್ದರೆ ಇದೇ ದಾರಂದದ್ದೇ ಇರಬಹುದು, ಬೆಳಿಗ್ಗೆ ಸಾಹೇಬ್ರಿಗೆ ಫೋನು ಮಾಡಿ ಸೌದೆಗೆ ಕೊಡಬೇಡಿ ಎಂದು ಹೇಳಿಬಿಟ್ಟರೆ, ಅತ್ತೆಗೆ ಮಾತ್ರ…