ಆತ್ಮಕ್ಕೆ ಸಾವಿಲ್ಲ ಅನ್ನುವುದೇ ನಿತ್ಯಜೀವವೇ?

“ಆತ್ಮ ಸಾಯುವುದಿಲ್ಲ ಅಂತ ನಾವೂ ಹೇಳ್ತೀವಿ, ಕ್ರೈಸ್ತರೂ ಹೇಳ್ತಾರೆ. ವ್ಯತ್ಯಾಸ ಏನು?” ಮಣ್ಣು ಮಾಡುವ ಹೊತ್ತಿನ ಪ್ರಾರ್ಥನೆ ಕೇಳಿಸಿಕೊಂಡ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆ.

ವ್ಯತ್ಯಾಸ ದೇಹದಲ್ಲಿದೆ. ಹಳೆಯ ಬಟ್ಟೆ ಕಳಚಿದಂತೆ ಆತ್ಮ ದೇಹವನ್ನು ಬಿಡುತ್ತದೆ ಎಂಬ ಮಾತು ನಮಗೆಲ್ಲ ಬಾಯಿಪಾಠ. ಯೇಸುವಿನ ಸಂದೇಶ ಸಾರಿದ ಮೊದಲ ತಲೆಮಾರಿನ ಪ್ರಚಾರಕ ಪೌಲನೂ ಬಟ್ಟೆಯ ಹೋಲಿಕೆಯನ್ನೇ ಹಿಡಿಯುತ್ತಾನೆ, ಆದರೆ ತಿರುಗಿಸಿಬಿಡುತ್ತಾನೆ. ಕ್ರಿ.ಶ. 55ರ ಸುಮಾರಿಗೆ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ, ಸಾಯುವಂಥ ಈ ದೇಹವೇ ಅಮರತ್ವವನ್ನು ತೊಟ್ಟುಕೊಳ್ಳಬೇಕು ಎನ್ನುತ್ತಾನೆ. ಇಲ್ಲಿ ದೇಹ ಬಟ್ಟೆಯಲ್ಲ, ಬಟ್ಟೆ ತೊಡುವವನು. ಅಮರತ್ವಕ್ಕೆ ಅವನು ಬಳಸಿದ ಗ್ರೀಕ್ ಪದ ‘ಅಥನಾಸಿಯ’. ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯಲ್ಲಿ ಅದು ಬರುವುದು ಮೂರೇ ಸಲ: ಎರಡು ಸಲ ಇಲ್ಲೇ, ಮೂರನೆಯದು ತಿಮೊಥೆಯನಿಗೆ ಬರೆದ ಮೊದಲ ಪತ್ರದಲ್ಲಿ. ಅಲ್ಲಿ ಅಮರತ್ವ ಇರುವುದು ದೇವರೊಬ್ಬನಿಗೇ ಎಂದಿದೆ. ಮನುಷ್ಯನಿಗೆ ಅದು ಹುಟ್ಟಿನಿಂದ ಬಂದ ಗುಣವಲ್ಲ, ದೇವರು ಕೊಟ್ಟರೆ ಉಂಟು.

ಹಾಗಾದರೆ ಸಾವಿನಿಂದ ಏಳುವುದು ಇದೇ ದೇಹವೇ? ಪೌಲನ ಉತ್ತರ ಗೋಧಿಯ ಕಾಳು. ಬಿತ್ತಿದ್ದು ಕಾಳು, ಎದ್ದದ್ದು ಪೈರು. ಬೇರೆ ರೂಪ, ಆದರೆ ಅದೇ ಬೆಳೆ. ಎದ್ದು ಬಂದ ಯೇಸುವಿನ ಕೈಯಲ್ಲಿ ಮೊಳೆಯ ಗಾಯ ಹಾಗೇ ಇತ್ತು, ಆತ ಸುಟ್ಟ ಮೀನು ತಿಂದ. ಆದರೂ ಆತನ ಶಿಷ್ಯೆ ಮಗ್ದಲದ ಮರಿಯಳು ಆತನನ್ನು ಗುರುತಿಸದೆ ತೋಟಗಾರನೆಂದುಕೊಂಡಳು. ಅದೇ ದೇಹ, ಆದರೆ ಬದಲಾದ ದೇಹ: ಈ ಎರಡನ್ನೂ ಒಟ್ಟಿಗೆ ಹಿಡಿಯಬೇಕು. ಮೊದಲನೆಯದನ್ನು ಬಿಟ್ಟರೆ ಪುನರುತ್ಥಾನ, ಅಂದರೆ ಸಾವಿನಿಂದ ಏಳುವುದು, ದೆವ್ವದ ಕತೆಯಾಗುತ್ತದೆ, ಎರಡನೆಯದನ್ನು ಬಿಟ್ಟರೆ ಹೆಣಕ್ಕೆ ಉಸಿರು ಬಂದ ಕತೆಯಾಗುತ್ತದೆ.

ಸಾವಿಗೂ ಪುನರುತ್ಥಾನಕ್ಕೂ ನಡುವೆ ಏನು ಎಂಬುದರಲ್ಲಿ ಕ್ರೈಸ್ತ ಸಭೆಗಳಿಗೆ (ಪಂಗಡಗಳಿಗೆ) ಒಮ್ಮತವಿಲ್ಲ. ಆತ್ಮ ಅಮರವೆಂದು ಕಥೋಲಿಕ ಸಭೆ 1513ರಲ್ಲಿ ಐದನೇ ಲ್ಯಾಟೆರನ್ ಮಹಾಸಭೆಯಲ್ಲಿ ಘೋಷಿಸಿತು. ಸ್ವರ್ಗಕ್ಕೆ ಹೋಗುವ ಮುನ್ನ ಆತ್ಮ ಶುದ್ಧವಾಗುವ ಶುದ್ಧೀಕರಣ ಸ್ಥಳವೂ ಉಂಟೆಂದು ಅದು ನಂಬುತ್ತದೆ. ಅಡ್ವೆಂಟಿಸ್ಟರೆಂಬ ಇನ್ನೊಂದು ಕ್ರೈಸ್ತ ಪಂಗಡದವರು ಆ ನಡುವಿನ ಕಾಲವನ್ನು ಅರಿವಿಲ್ಲದ ನಿದ್ರೆ ಎನ್ನುತ್ತಾರೆ.

ಇನ್ನು ‘ನಿತ್ಯ’ ಎಂಬ ಪದ. ಮುಗಿಯದ ವರ್ಷಗಳು ಎಂದಷ್ಟೇ ಓದಿದರೆ ಅದು ವರವಲ್ಲ, ಹೊರೆ. ಯೋಹಾನನ ಸುವಾರ್ತೆಯ 17:3ರಲ್ಲಿ ಯೇಸು ಕೊಡುವ ಅರ್ಥದಲ್ಲಿ ವರ್ಷದ ಲೆಕ್ಕವೇ ಇಲ್ಲ: ಒಬ್ಬನೇ ಸತ್ಯದೇವರನ್ನೂ ಆತ ಕಳುಹಿಸಿದ ಕ್ರಿಸ್ತನನ್ನೂ ಅರಿಯುವುದೇ ನಿತ್ಯಜೀವ. ಅದೇ ಸುವಾರ್ತೆಯ 5:24ರ ಪ್ರಕಾರ ನಂಬಿದವನು ಈಗಾಗಲೇ ಮರಣದಿಂದ ಜೀವಕ್ಕೆ ದಾಟಿದ್ದಾನೆ.

“ಸುಟ್ಟರೆ ಏಳುವುದು ಹೇಗೆ?” ಎಂಬ ಉಪಪ್ರಶ್ನೆಯೂ ಬರುತ್ತದೆ. ಮಣ್ಣಲ್ಲಿ ಹೂತ ದೇಹವೂ ಕರಗುವುದೇ. ಎಬ್ಬಿಸುವುದು ದೇವರ ಕೆಲಸ, ಮೂಳೆಯದಲ್ಲ. ಕಥೋಲಿಕ ಸಭೆ 1963ರಿಂದ ದಹನಕ್ಕೆ ಅನುಮತಿ ಕೊಟ್ಟಿದೆ. ಆದರೆ 2016ರ ಸೂಚನೆಯಂತೆ ಬೂದಿಯನ್ನು ಗಾಳಿಗಾಗಲಿ ನೀರಿಗಾಗಲಿ ಬಿಡುವಂತಿಲ್ಲ. ಸಮಾಧಿಯಲ್ಲೋ ಅದಕ್ಕೆಂದೇ ಮೀಸಲಾದ ಪವಿತ್ರ ಸ್ಥಳದಲ್ಲೋ ಇಡಬೇಕು.