12 ಅಡಿ ಬ್ಯಾನರು, ಬಾಗಿದ ಸೂರು

ಸ್ಯಾನ್ ಫ್ರಾನ್ಸಿಸ್ಕೋದ ವಸ್ತುಪ್ರದರ್ಶನ ಕೇಂದ್ರ ಮಾಸ್ಕೋನಿ ಸೆಂಟರ್‌ನಲ್ಲಿ ಕಂಪನಿಯ ಸ್ಟಾಲ್ ಹಾಕಿಸುವ ಕೆಲಸ ಮೊದಲ ಸಲ ನನ್ನ ತಲೆಗೆ ಬಿದ್ದಾಗ ನಾನು ನೋಡಿದ್ದು ನಕ್ಷೆಯೊಂದನ್ನೇ. ಸೌತ್ ಕಟ್ಟಡ, ಗೋಡೆಬದಿಯ ಜಾಗ. ಅಲ್ಲಿ 12 ಅಡಿವರೆಗೂ ಏರಿಸಬಹುದು ಅಂತ ನಿಯಮದಲ್ಲಿತ್ತು. ಬ್ಯಾನರ್ ಅಷ್ಟೇ ಎತ್ತರಕ್ಕೆ ಮಾಡಿಸಿಬಿಟ್ಟೆ.

ಪ್ರದರ್ಶನದ ಮುನ್ನಾದಿನ ಹೊರಗಿನ ಹೊವರ್ಡ್ ಸ್ಟ್ರೀಟಲ್ಲಿ ನಿಂತರೆ ಸಭಾಂಗಣವೇ ಕಾಣಲಿಲ್ಲ. ಎಸ್ಕಲೇಟರ್ ಹಿಡಿದು ನೆಲದಡಿಗೆ ಇಳಿಯಬೇಕು. ಇಳಿದರೆ ನಡುವೆ ಒಂದು ಕಂಬವೂ ಇಲ್ಲದ ಹಾಲ್! 275 ಅಡಿ ಅಗಲಕ್ಕೆ ಚಾಚಿಕೊಂಡ 16 ಕಾಂಕ್ರೀಟ್ ಕಮಾನುಗಳು ಸೂರನ್ನು ಹೊತ್ತಿವೆ. ಕಮಾನಿನ ಕಾಲುಗಳು ಹೊರಕ್ಕೆ ಜಾರದಂತೆ ಎರಡನ್ನೂ ನೆಲದೊಳಗಿನ ಉಕ್ಕಿನ ಕೇಬಲ್‌ಗಳು ಎಳೆದು ಹಿಡಿದಿವೆ. ಎಂಜಿನಿಯರ್ ಟಿ. ವೈ. ಲಿನ್ ಅವರ ಕೈಚಳಕ ಅದು. ನಾನು ಬಾಯಿ ಬಿಟ್ಕೊಂಡು ನೋಡ್ತಾ ಇದ್ದೆ, ಬ್ಯಾನರ್ ಎತ್ತುತ್ತಿದ್ದ ಬಡಗಿ ನನ್ನನ್ನೇ ನೋಡ್ತಾ ಇದ್ದ. ಕಮಾನು ಬಾಗಿ ಇಳಿಯುವುದು ಗೋಡೆಬದಿಗೇ ತಾನೇ? ಬ್ಯಾನರಿನ ತುದಿ ಕಾಂಕ್ರೀಟಿಗೆ ತಾಗಿ ನಿಂತಿತ್ತು. ನಿಯಮ ಎಷ್ಟಕ್ಕೆ ಒಪ್ಪಿದರೇನು, ಸೂರು ಒಪ್ಪಬೇಕಲ್ಲ. ನಕ್ಷೆಯಲ್ಲಿ ಉದ್ದಗಲ ಇತ್ತು, ಎತ್ತರ ಇರಲಿಲ್ಲ, ನಾನೂ ಕೇಳಿರಲಿಲ್ಲ.

ಹಾಲನ್ನು ಹೂತಿಟ್ಟದ್ದಕ್ಕೂ ಕಾರಣ ಇದೆ. ಈ ಜಾಗದಲ್ಲಿ ಅಗ್ಗದ ಹೋಟೆಲ್ ಕೋಣೆಗಳಲ್ಲಿ ಬದುಕುತ್ತಿದ್ದ ನಿವೃತ್ತ ಕಾರ್ಮಿಕರು ತಮ್ಮನ್ನು ಒಕ್ಕಲೆಬ್ಬಿಸುವುದರ ವಿರುದ್ಧ ಕೋರ್ಟಿಗೆ ಹೋದರು, ವರ್ಷಗಟ್ಟಲೆ ಕಾದಾಟ ನಡೆಯಿತು. ಕೊನೆಗೆ ಹಾಲ್ ಕೆಳಗೆ, ಮೇಲೆ ಜನಕ್ಕೆ ತೆರೆದ ಜಾಗ ಅಂತಾಯಿತು. 1978ರಲ್ಲಿ ಗುಂಡೇಟಿಗೆ ಬಲಿಯಾದ ಮೇಯರ್ ಜಾರ್ಜ್ ಮಾಸ್ಕೋನಿ ಹೆಸರಲ್ಲಿ 1981ರಲ್ಲಿ ಬಾಗಿಲು ತೆರೆಯಿತು. ನಾರ್ತ್ ಕಟ್ಟಡ 1992ರಲ್ಲಿ, ವೆಸ್ಟ್ ಕಟ್ಟಡ 2003ರಲ್ಲಿ ಬಂದವು. ಮೊದಲ ಐಫೋನನ್ನು 2007ರಲ್ಲಿ ತೋರಿಸಿದ್ದು ಆ ವೆಸ್ಟ್‌ನಲ್ಲೇ.

ಬ್ಯಾನರನ್ನು ಮೇಲಿನಿಂದ ಮಡಚಿ, ಹಿಂದೆ ಟೇಪ್ ಹೊಡೆದು ನಿಲ್ಲಿಸಿದೆವು. ಕಂಪನಿ ಹೆಸರಿನ ಅರ್ಧ ಮಡಿಕೆಯೊಳಗೆ ಹೋಯಿತು. ಲಾರಿಯಿಂದ ಸ್ಟಾಲಿಗೆ ಸಾಮಾನು ಹೊತ್ತದ್ದಕ್ಕೆ ತೂಕದ ಲೆಕ್ಕದಲ್ಲಿ ಬಿಲ್ಲು ಬಂತು, ಮಡಚಿದ ಭಾಗವೂ ಸೇರಿ! ಮ್ಯಾನೇಜರ್ ಅದರ ಬಗ್ಗೆ ಎರಡು ಸಲ ಫೋನ್ ಮಾಡಿದರು, ಅದು ಬೇರೆ ಕಥೆ.

ಈಗ ಯಾವ ಊರಿನ ಹಾಲ್ ಆದರೂ ನಕ್ಷೆ ಬಂದ ಕೂಡಲೇ ನನ್ನ ಮೊದಲ ಮೇಲ್ ಒಂದೇ ಸಾಲು: "ನಮ್ಮ ಸ್ಟಾಲಿನ ನೆತ್ತಿಗೂ ಸೂರಿಗೂ ನಡುವೆ ಎಷ್ಟು ಅಡಿ?" ಅವತ್ತು ಊಟದ ಹೊತ್ತಿಗೆ ಮೇಲೆ ಹೋದರೆ, ಹಾಲಿನ ಸೂರಿನ ಮೇಲೆ ಮಕ್ಕಳು ಐಸ್ ಸ್ಕೇಟಿಂಗ್ ಮಾಡ್ತಾ ಇದ್ದರು.