ಅಗಲವಾದ ಗ್ರೂವ್‌ಗೆ ಹಿಡಿಸೂಡಿ ಕಡ್ಡಿ

ನಿಂತುಕೊಂಡು ಆಡುವ ಹಳೆಯ ವಿಡಿಯೋ ಗೇಮ್ ಪೆಟ್ಟಿಗೆ ನೋಡಿದ್ದೀರಲ್ವಾ? 1980ರಲ್ಲಿ ಪ್ಯಾಕ್‌ಮ್ಯಾನ್ ಬಂದ ಕಾಲದ್ದು. ಎದುರಿಗೆ ಪರದೆ, ಕೆಳಗೆ ಜಾಯ್‌ಸ್ಟಿಕ್, ಎರಡೂ ಬದಿಗೆ ಬಳುಕಿದ ಹಲಗೆ. ಆ ಹಲಗೆಯ ಅಂಚಿನುದ್ದಕ್ಕೂ ಬಣ್ಣದ ಪ್ಲಾಸ್ಟಿಕ್ ಪಟ್ಟಿ. ಪೆಟ್ಟಿಗೆಗೆ ಲಕ್ಷಣ ಬರುವುದೇ ಅದರಿಂದ ಅಂತ ನನ್ನ ವಾದ. ಮಂಗಳೂರಿನ ಬಿಜೈಯ ನಮ್ಮ ಮನೆಗೆ ಅಂಥದ್ದೊಂದು ಮಾಡಲು ನಾನೂ ಅಣ್ಣನ ಮಗನೂ ಹೊರಟೆವು. ಒಳಗೆ ರಾಸ್ಪ್‌ಬೆರಿ ಪೈ ಅನ್ನುವ ಪುಟ್ಟ ಕಂಪ್ಯೂಟರ್, ಮೂಲೆಯಲ್ಲಿದ್ದ ಮಾನಿಟರ್. ಅದೆಲ್ಲ ಸುಲಭದಲ್ಲಿ ಮುಗಿಯಿತು. ತಲೆ ತಿಂದದ್ದು ಈ ಪಟ್ಟಿ.

ಪಟ್ಟಿಯನ್ನು ಅಡ್ಡ ಕತ್ತರಿಸಿ ನೋಡಿದರೆ ಇಂಗ್ಲಿಷಿನ ಟೀ ಅಕ್ಷರ. ತಲೆ ಹಲಗೆಯ ಅಂಚನ್ನು ಮುಚ್ಚುತ್ತದೆ. ಕಾಲು ಅಂಚಿನ ನಡುವೆ ಕೊರೆದ ಗ್ರೂವ್‌ನೊಳಗೆ ಇಳಿಯುತ್ತದೆ. ಕಾಲಿನ ಎರಡೂ ಬದಿಗೆ ಸಣ್ಣ ಮುಳ್ಳುಗಳು, ಅವು ಮರವನ್ನು ಕಚ್ಚಿ ಹಿಡಿಯಬೇಕು. ಅಂಟು ಬೇಡ. ಆದರೆ ನಮ್ಮ ಪಟ್ಟಿಗೆ ಗ್ರೂವ್ 1.6 ಮಿ.ಮೀ. ಇರಬೇಕು. ಮರ ಕೊರೆಯುವ ರೂಟರ್ ಯಂತ್ರಕ್ಕೆ ತೆಳುವಾದ ಸ್ಲಾಟ್ ಕಟರ್ ಹಾಕಿ ಕೊರೆಯುವ ಕೆಲಸ ಅದು. ನಾವು ಹಲಗೆ ಕೊಟ್ಟ ವರ್ಕ್‌ಶಾಪಿನಲ್ಲಿ ಆ ಕಟರ್ ಇರಲಿಲ್ಲ. ಹೇಳಲೂ ಇಲ್ಲ. ಇದ್ದ ಬ್ಲೇಡನ್ನೇ ಹಾಕಿ ಎಳೆದುಬಿಟ್ಟರು. ವರ್ನಿಯರ್ ಇಟ್ಟು ನೋಡಿದರೆ 2.6! ಪಟ್ಟಿ ಒತ್ತಿದರೆ ಸಲೀಸಾಗಿ ಒಳಗೆ, ಕೈ ಬಿಟ್ಟರೆ ಅಷ್ಟೇ ಸಲೀಸಾಗಿ ಹೊರಗೆ.

"ಸಿಲಿಕಾನ್ ಹಾಕಿ ಅಂಟಿಸಿ ಸರ್, ಗೊತ್ತೇ ಆಗುದಿಲ್ಲ" ಅಂದರು ವರ್ಕ್‌ಶಾಪಿನವರು. ಹಾಗೆ ಮಾಡಿದರೆ ನಾಳೆ ಪಟ್ಟಿ ಹರಿದಾಗ ಗ್ರೂವ್ ಪೂರ್ತಿ ಕೆರೆಯಬೇಕು. ಅರಾಲ್ಡೈಟ್ ಅಂಟಿಗೆ ಮರದ ಹುಡಿ ಕಲಸಿ ತುಂಬಿಸಿ ಹೊಸದಾಗಿ ಕೊರೆಯಬಹುದು, ಅದು ಒಳ್ಳೆಯ ದಾರಿಯೇ. ಅದಕ್ಕೂ ಅದೇ ಕಟರ್ ಬೇಕಲ್ಲ.

ಕೊನೆಗೆ ಕಾವೂರಿನ ಪರಿಚಯದ ಬಡಗಿ ಆಚಾರ್ರ ಹತ್ತಿರ ಹಲಗೆ ಹೊತ್ತುಕೊಂಡು ಹೋದೆವು. ಆಟಿ ತಿಂಗಳ ಮಳೆ, ಅವರಿಗೂ ಕೆಲಸ ಕಡಿಮೆ. "ಎಂತ ಇದು, ಬಾಗಿಲಿಲ್ಲದ ಕಪಾಟಾ?" ಅಂತ ಕೇಳಿದರು. ಗ್ರೂವ್‌ಗೆ ಉಗುರು ಹಾಕಿ ನೋಡಿ, "ಒಂದು ಮಿಲ್ಲಿ ಜಾಸ್ತಿ ಆಗಿದೆ ಅಷ್ಟೇ ಅಲ್ವಾ? ಒಂದು ಮಿಲ್ಲಿ ಮೈಕಾ ರಾಶಿ ಬಿದ್ದುಂಟು ಮಾರಾಯ್ರೆ" ಅಂದರು.

ಮೈಕಾ ಅಂದರೆ ಕಪಾಟು, ಮೇಜಿನ ಮೇಲೆ ಅಂಟಿಸುವ ಲ್ಯಾಮಿನೇಟ್ ಹಾಳೆ. ಅದರ ತುಂಡನ್ನು ಗ್ರೂವ್‌ನ ಆಳಕ್ಕೆ ಸರಿಯಾಗಿ ಕತ್ತರಿಸಿ, ಒಂದು ಗೋಡೆಗೆ ಅಂಟಿಸುವುದು. ಇಷ್ಟೇ ಉಪಾಯ. ಒರಟು ಬೆನ್ನು ಮರದ ಕಡೆಗೆ, ಫೆವಿಕಾಲ್ ಹಿಡಿಯಲಿಕ್ಕೆ. ನಯವಾದ ಮುಖವನ್ನು ಸ್ಯಾಂಡ್‌ಪೇಪರಿನಿಂದ ಚೆನ್ನಾಗಿ ಉಜ್ಜಿದರು, ಇಲ್ಲದಿದ್ದರೆ ಮುಳ್ಳು ಜಾರುತ್ತದೆ.

ಯಾವ ಗೋಡೆಗೆ ಅನ್ನುವುದರಲ್ಲಿ ಅವರ ತಲೆ ಓಡಿದ್ದು ನೋಡಬೇಕಿತ್ತು. ನಮ್ಮ ಪ್ಲೈವುಡ್ 18 ಮಿ.ಮೀ., ಪಟ್ಟಿಯ ತಲೆ 19. ನಟ್ಟನಡುವೆ ಕೂತರೆ ಎರಡೂ ಬದಿಗೆ ಅರ್ಧರ್ಧ ಮಿ.ಮೀ. ಹೊರಗೆ ಚಾಚುತ್ತದೆ. ಮೈಕಾವನ್ನು ಹೊರಗಿನ ಮುಖದ ಕಡೆಗೆ ಅಂಟಿಸಿದರೆ ಪಟ್ಟಿ ಅರ್ಧ ಮಿ.ಮೀ. ಒಳಕ್ಕೆ ಸರಿಯುತ್ತದೆ. ಆಗ ಹೊರಗೆ ಸಮ, ಚಾಚಿದ್ದೆಲ್ಲ ಒಳಬದಿಗೆ. ಯಾರಿಗೂ ಕಾಣುವುದಿಲ್ಲ. ವರ್ಕ್‌ಶಾಪಿನವರು ಸರಿಯಾಗಿ ಕೊರೆದಿದ್ದರೆ ಈ ಲಾಭ ಸಿಗುತ್ತಿರಲಿಲ್ಲ ಅಂತ ಅಣ್ಣನ ಮಗನ ತಮಾಷೆ. ನನಗೆ ನಗು ಬರಲಿಲ್ಲ.

ನೇರ ಅಂಚಿಗೆ ಉದ್ದ ತುಂಡು ನಡೆಯುತ್ತದೆ. ಬಳುಕಿನಲ್ಲಿ ನಡೆಯುವುದಿಲ್ಲ, ಮೈಕಾ ಆ ದಿಕ್ಕಿಗೆ ಬಗ್ಗುವುದೇ ಇಲ್ಲ. ಅಲ್ಲಿ ಇಂಚಿಂಚು ತುಂಡು ಮಾಡಿ, ಪ್ರತಿಯೊಂದರ ತುದಿಯನ್ನು ಸ್ವಲ್ಪ ಓರೆ ಕತ್ತರಿಸಿ, ಸಾಲಾಗಿ ಕೂರಿಸಬೇಕಾಯಿತು. ಸೊಂಟ ಬಿದ್ದುಹೋಯಿತು. ಅಂಟು ಒಣಗುವ ತನಕ ತುಂಡುಗಳನ್ನು ಗೋಡೆಗೆ ಒತ್ತಿ ಹಿಡಿಯುವುದು ಹೇಗೆ? ಅಷ್ಟು ಸಣ್ಣ ಸಂದಿಗೆ ಯಾವ ಕ್ಲಾಂಪೂ ಹೋಗುವುದಿಲ್ಲ. ಆಚಾರ್ರು ಒಳಗಿನಿಂದ ಹಿಡಿಸೂಡಿ, ಅಂದರೆ ಕಡ್ಡಿ ಪೊರಕೆ, ತಂದು ಕಡ್ಡಿಗಳನ್ನು ಎಳೆಯತೊಡಗಿದರು. ತೆಂಗಿನ ಕಡ್ಡಿ ತುದಿಯಲ್ಲಿ ತೆಳು, ಬುಡದಲ್ಲಿ ದಪ್ಪ. ತುದಿ ತೂರಿಸಿ ಎಳೆದರೆ ಎಲ್ಲಿ ಬಿಗಿಯಾಯಿತೋ ಅಲ್ಲಿ ನಿಲ್ಲಿಸಿ ಚಿವುಟುವುದು. ಹಲಗೆಯ ಸುತ್ತ ಕಡ್ಡಿಯೇ ಕಡ್ಡಿ. ಒಳಗಿನಿಂದ ಅವರ ಹೆಂಡತಿ, "ನಾಳೆ ಅಂಗಳ ಗುಡಿಸುದು ಎಂತದ್ರಲ್ಲಿ?" ಅಂತ ಕೇಳಿದ್ದಕ್ಕೆ ಉತ್ತರ ಹೋಗಲಿಲ್ಲ.

ಮಳೆಗಾಲದಲ್ಲಿ ಫೆವಿಕಾಲ್ ಬೇಗ ಒಣಗುವುದಿಲ್ಲ. ಮರುದಿನ ಸಂಜೆಯವರೆಗೆ ಮುಟ್ಟಬೇಡಿ ಅಂದರು. ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಬದಲು ನೀರು ತಡೆಯುವ ಪ್ಲೈವುಡ್ ತೆಗೆದುಕೊಂಡದ್ದು ಇಲ್ಲಿ ಉಪಕಾರವಾಯಿತು, ಎಂಡಿಎಫ್ ಅಂಚು ನಮ್ಮೂರಿನ ತೇವಕ್ಕೆ ಉಬ್ಬುತ್ತದೆ.

ಕಡ್ಡಿ ಕಿತ್ತು ಪಟ್ಟಿ ಇಟ್ಟು ರಬ್ಬರ್ ಸುತ್ತಿಗೆಯಿಂದ ಬಡಿದಾಗ ಟಕ್ ಟಕ್ ಅಂತ ಕಚ್ಚಿಕೊಂಡು ಹೋಯಿತು. ಹೊರಕ್ಕೆ ಉಬ್ಬಿದ ತಿರುವಿನಲ್ಲಿ ಮಾತ್ರ ಕಾಲಿಗೆ ತ್ರಿಕೋನವಾಗಿ ಕಚ್ಚು ಹಾಕಬೇಕು, ಇಲ್ಲದಿದ್ದರೆ ಪ್ಲಾಸ್ಟಿಕ್ ಒಳಗೆ ಮುದುಡಿ ತಲೆ ಏಳುತ್ತದೆ. ಒಳಕ್ಕೆ ಬಾಗಿದಲ್ಲಿ ಬರೀ ಸೀಳು ಸಾಕು.

ಆಚಾರ್ರು ಪಟ್ಟಿಯನ್ನು ಎಳೆದು ನೋಡಿದರು. ಬರಲಿಲ್ಲ. ದುಡ್ಡು ಕೊಡಲು ಹೋದರೆ ಅರ್ಧ ಮಾತ್ರ ತೆಗೆದುಕೊಂಡು, ಮಿಕ್ಕಿದ ಕೆಂಪು ಪಟ್ಟಿಯ ಸುರುಳಿಯನ್ನು ತೋರಿಸಿದರು. "ಅದು ಇಲ್ಲೇ ಇರ್ಲಿ. ನನ್ನ ಹತ್ಯಾರಿನ ಪೆಟ್ಟಿಗೆಗೆ ಹಾಕ್ತೇನೆ. ಆದ್ರೆ ಗ್ರೂವ್ ನಾನೇ ಹೊಡೀತೇನೆ, ಆಯ್ತಾ?"